ಮೊದಲು ಕಿವಿ, ಆಮೇಲೆ ಕ್ಯಾಮೆರಾ

ಕೇಳುಗರೇ, ನಮಸ್ಕಾರ.

ಮೇ ತಿಂಗಳ ಒಂದು ಬೆಳಿಗ್ಗೆ, ಹಾಸನದ ಎಪಿಎಂಸಿ ಯಾರ್ಡಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಪಂಜಾಬಿನ ಜಲಂಧರದಿಂದ ಬಿತ್ತನೆ ಆಲೂಗಡ್ಡೆ ಹೊತ್ತ ಲಾರಿಗಳು ಬಂದಿವೆ. ಮೂಟೆಗಳು ಧಪ್ ಧಪ್ ಅಂತ ನೆಲಕ್ಕೆ ಬೀಳುತ್ತಿವೆ. ಟ್ರ್ಯಾಕ್ಟರೊಂದು ಹಿಂದಕ್ಕೆ ಬರುತ್ತಿದೆ, ಯಾರೋ "ಬಾ, ಬಾ, ಬಾ, ಸಾಕು" ಅನ್ನುತ್ತಿದ್ದಾರೆ. ನಿಮ್ಮ ಪಕ್ಕದಲ್ಲೇ ರೈತರೊಬ್ಬರು ಗಡ್ಡೆಯನ್ನು ಉಗುರಿನಿಂದ ಗೀರಿ ನೋಡಿ, ಏನೂ ಹೇಳದೆ ಮತ್ತೆ ಮೂಟೆಗೆ ಹಾಕುತ್ತಾರೆ.

ವಿಡಿಯೊ ಸುದ್ದಿ ಮಾಡುವುದನ್ನು ಕಲಿಯಬೇಕು ಅಂತ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಇಂಥ ಜಾಗಕ್ಕೇ. ಕ್ಯಾಮೆರಾ ಚೀಲದಲ್ಲೇ ಇರಲಿ, ಮೊಬೈಲು ಜೇಬಿನಲ್ಲೇ ಇರಲಿ. ಹತ್ತು ನಿಮಿಷ ಕಣ್ಣು ಮುಚ್ಚಿ ನಿಂತು ಕೇಳಿಸಿದ್ದನ್ನೆಲ್ಲ ಬರೆಯಿರಿ ಅನ್ನುತ್ತೇನೆ. ನೋಡಿಸುವ ಕೆಲಸ ಕಲಿಯಲು ಬಂದವರಿಗೆ ಕಣ್ಣು ಮುಚ್ಚಿ ಅಂದರೆ ಆಶ್ಚರ್ಯವಾಗುತ್ತದೆ. ಆದರೆ ಇಷ್ಟು ವರ್ಷ ಈ ಜಿಲ್ಲೆಯ ರಸ್ತೆಗಳಲ್ಲಿ ಟ್ರೈಪಾಡ್ ಹೊತ್ತು ತಿರುಗಿದ ಮೇಲೆ ನನಗೆ ಖಾತ್ರಿಯಾಗಿರುವ ಮಾತೆಂದರೆ, ಒಳ್ಳೆಯ ವಿಡಿಯೊ ಸುದ್ದಿ ಕಿವಿಯಿಂದ ಶುರುವಾಗುತ್ತದೆ.

ನಮ್ಮ ನಾಡಿನಲ್ಲೂ ಕಿವಿಯೇ ಮೊದಲು ಬಂದಿದ್ದು. 1935ರಲ್ಲಿ ಮೈಸೂರಿನಲ್ಲಿ, ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರಸಾರ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬೆಳೆದಿದ್ದು ಅಲ್ಲಿಂದ. ದೆಹಲಿಯಲ್ಲಿ ಟಿವಿ ಬಂದಿದ್ದು 1959ರಲ್ಲಿ, ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ. ಅಂದರೆ ಈ ಕಡೆಯ ನಾವು 46 ವರ್ಷ ಬರೀ ಕೇಳಿಸಿಕೊಂಡೇ ಊರು, ಮಳೆ, ಜಾತ್ರೆ, ಜಗಳ ಎಲ್ಲವನ್ನೂ ಮನಸ್ಸಿನಲ್ಲಿ ನೋಡಿದ್ದೇವೆ.

ನನ್ನ ಮೊದಲ ವರದಿಯ ವಿಷಯ ಹೇಳುತ್ತೇನೆ. ಆಲೂರು ತಾಲ್ಲೂಕಿನ ಒಂದು ಊರಲ್ಲಿ ಕಾಡಾನೆಗಳು ರಾತ್ರಿ ಗದ್ದೆಗೆ ಇಳಿದಿದ್ದವು. ಇನ್ನೊಂದು ವಾರಕ್ಕೆ ಕೊಯ್ಲು. ಬೆಳಿಗ್ಗೆ ಹೋಗಿ ನಲವತ್ತು ನಿಮಿಷ ಚಿತ್ರೀಕರಿಸಿದೆ. ಆಗೆಲ್ಲ ಟೇಪನ್ನು ಲಕೋಟೆಗೆ ಹಾಕಿ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವ ಕಾಲ. ಸಂಜೆ ಸುದ್ದಿ ಜೋಡಿಸುವ ಡೆಸ್ಕಿನಿಂದ ಫೋನ್ ಬಂತು. "ಇದರಲ್ಲಿ ಹಾಕೋಕೆ ಒಂದೂ ಶಾಟ್ ಇಲ್ಲವಲ್ಲ. ಕೈ ಎಲ್ಲಿ? ಮುಖ ಎಲ್ಲಿ?" ಕಾಲುವೆಯಿಂದ ನೀರು ಹಾಯಿಸಿದ ಹಾಗೆ ಕ್ಯಾಮೆರಾವನ್ನು ಗದ್ದೆಯ ಉದ್ದಕ್ಕೂ ಆಡಿಸಿದ್ದೆ. ಎಲ್ಲೂ ನಿಂತಿರಲಿಲ್ಲ. ಆ ಮನೆಯ ಯಜಮಾನರು ಬಾಗಿ, ಕೆಸರಲ್ಲಿ ಮಲಗಿದ್ದ ತೆನೆಯನ್ನು ಎರಡೂ ಕೈಯಲ್ಲಿ ಎತ್ತಿ ನಿಲ್ಲಿಸಲು ನೋಡಿದ್ದರು. ಅದು ಮತ್ತೆ ಮಲಗಿತ್ತು. ಆನೆಯ ಹೆಜ್ಜೆಗುರುತಿನಲ್ಲಿ ನೀರು ನಿಂತು ಅದರಲ್ಲಿ ಆಕಾಶ ಕಾಣುತ್ತಿತ್ತು. ಇವೆರಡನ್ನೂ ನಾನು ಕಣ್ಣಲ್ಲಿ ನೋಡಿದ್ದೆ, ಟೇಪಿನಲ್ಲಿ ಇರಲಿಲ್ಲ. ಆ ರೈತರ ನಷ್ಟ ಅಂದು ಯಾರಿಗೂ ಕಾಣಲಿಲ್ಲ. ಈಗಲೂ ಆ ದಾರಿಯಲ್ಲಿ ಹೋಗುವಾಗ ನೆನಪಾಗಿ ಸಂಕಟವಾಗುತ್ತದೆ.

ಆದ್ದರಿಂದ ನಾನು ಹೇಳಿಕೊಡುವ ಮೊದಲ ಪಾಠ, ನಿಲ್ಲುವುದು. ಕ್ಯಾಮೆರಾ ಒಂದು ಕಡೆ ಇಟ್ಟು, ಮನಸ್ಸಿನಲ್ಲೇ ಹತ್ತು ಎಣಿಸಿ. ಆಡಿಸಬೇಡಿ, ಝೂಮ್ ಮಾಡಬೇಡಿ. ಹತ್ತಿರ ಬೇಕಾದರೆ ಹತ್ತಿರಕ್ಕೆ ನಡೆದುಹೋಗಿ. ನಮ್ಮ ಟಿವಿಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. ಹತ್ತು ಸೆಕೆಂಡ್ ನಿಂತರೆ 250 ಚಿತ್ರ, ಎಡಿಟ್ ಮಾಡುವವರಿಗೆ ಅಷ್ಟಾದರೂ ಕೊಟ್ಟರೆ ಅದರಲ್ಲಿ ನಾಲ್ಕು ಸೆಕೆಂಡು ಸಿಗುತ್ತದೆ.

ಆಲೂಗಡ್ಡೆಗೇ ಬರೋಣ. ಯಾರ್ಡಿನಿಂದ ಒಂದು ಮೂಟೆಯ ಬೆನ್ನು ಹತ್ತಿ ಹೋದೆವು. ಅದು ಹಳ್ಳಿಯೊಂದರ ಜಗಲಿ ಸೇರಿತು. ಅಲ್ಲಿ ಒಬ್ಬ ಅಜ್ಜಿ ಈಳಿಗೆ ಮಣೆ ಮೇಲೆ ಕೂತು ಬಿತ್ತನೆ ಗಡ್ಡೆ ಕುಯ್ಯುತ್ತಿದ್ದರು. ನನ್ನ ಜೊತೆ ಬಂದಿದ್ದ ಹುಡುಗಿ ಮೊದಲು ಕೈಗಳನ್ನು ಹಿಡಿದಳು: ಗಡ್ಡೆಯನ್ನು ತಿರುಗಿಸುವ ಬೆರಳು, ಈಳಿಗೆಯ ಅಲಗು, ಎರಡಾಗಿ ಬೀಳುವ ಹೋಳು. ಆಮೇಲೆ ಮುಖ. ಆಮೇಲೆ ಕೈ ಮತ್ತು ಮುಖ ಒಟ್ಟಿಗೆ. ಅಜ್ಜಿಯ ಭುಜದ ಹಿಂದಿನಿಂದ, ಅವರಿಗೆ ಕಾಣುವ ಹಾಗೆ ಆ ಕೆಲಸ. ಕೊನೆಗೆ ಜಗಲಿ, ಅಂಗಳ, ಆಚೆ ಉತ್ತ ಹೊಲ ಎಲ್ಲ ಬರುವ ದೊಡ್ಡ ಶಾಟ್. ಒಂದೇ ಕೆಲಸ, ಐದು ನೋಟ. ಇವನ್ನು ಜೋಡಿಸಿದರೆ ಅದೇ ಒಂದು ಸೀಕ್ವೆನ್ಸ್. ಜೋಡಿಸುವಾಗ ಒಂದು ಎಚ್ಚರ ಬೇಕು. ಅಜ್ಜಿ ಎಡಕ್ಕೆ ಮುಖ ಮಾಡಿ ಕೂತಿದ್ದರೆ ನೀವು ಅವರ ಒಂದೇ ಪಕ್ಕದಲ್ಲಿ ಉಳಿಯಬೇಕು. ಆ ಕಡೆಗೆ ದಾಟಿ ತೆಗೆದರೆ ಮುಂದಿನ ಶಾಟಿನಲ್ಲಿ ಅವರು ಬಲಕ್ಕೆ ತಿರುಗಿ ಕೂತಂತೆ ಕಾಣುತ್ತದೆ.

ಮೊಬೈಲಿನಲ್ಲೇ ಇದೆಲ್ಲ ಆಗುತ್ತದೆ. ಲೆನ್ಸು ಒರೆಸಿಕೊಳ್ಳಿ, ಏರೋಪ್ಲೇನ್ ಮೋಡಿಗೆ ಹಾಕಿ, ಬೆಳಕು ನಿಮ್ಮ ಬೆನ್ನ ಹಿಂದೆ ಇರಲಿ. ಆದರೆ ಮೈಕು ಮಾತ್ರ ಮಾತಾಡುವವರ ಹತ್ತಿರವೇ ಇರಬೇಕು. ಚಿತ್ರ ಸ್ವಲ್ಪ ಅಲುಗಿದರೆ ಜನ ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಆ ಕ್ಷಣವೇ ಬೆರಳಿನಿಂದ ಮುಂದಕ್ಕೆ ತಳ್ಳುತ್ತಾರೆ.

ಹುಡುಗಿ ಅಜ್ಜಿಯನ್ನು ಕೇಳಿದಳು, "ಈ ಸಲದ ಬೆಲೆ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಅಜ್ಜಿ ಸೆರಗು ಸರಿಮಾಡಿಕೊಂಡು ಸುಮ್ಮನಾದರು. ಅಭಿಪ್ರಾಯ ಅನ್ನುವ ಪದವೇ ಜನರ ಬಾಯಿ ಕಟ್ಟುತ್ತದೆ. ನಾನು ಮೆಲ್ಲಗೆ ಹೇಳಿದೆ, ಅವರು ಮಾಡುತ್ತಿರುವುದನ್ನೇ ಕೇಳಮ್ಮ. "ಅಜ್ಜಿ, ಎಲ್ಲಿ ಕುಯ್ಯಬೇಕು ಅಂತ ಹೇಗೆ ಗೊತ್ತಾಗುತ್ತೆ?" ಆಗ ನೋಡಿ, ಅವರು ತಲೆ ಎತ್ತಿದರು. "ಕಣ್ಣ್ ನೋಡಿ ಕುಯ್ಬೇಕು ಕಣವ್ವ. ಒಂದೊಂದ್ ಹೋಳಲ್ಲೂ ಕಣ್ಣಿರ್ಬೇಕು. ಕಣ್ಣಿಲ್ದಿರೋದು ಮಣ್ಣಲ್ಲೇ ಕೊಳ್ತೋಯ್ತದೆ." ಗಡ್ಡೆಯ ಕಣ್ಣು ಅಂದರೆ ಮೊಳಕೆ ಒಡೆಯುವ ಜಾಗ. ಹುಡುಗಿ ಮುಂದಿನ ಪ್ರಶ್ನೆಗೆ ಅವಸರ ಮಾಡಲಿಲ್ಲ, ಹೂಂ ಅನ್ನಲೂ ಇಲ್ಲ, ತಲೆಯಾಡಿಸಿದಳು ಅಷ್ಟೇ. ನಾವು ಹೂಂಗುಟ್ಟಿದರೆ ಅದೂ ರೆಕಾರ್ಡ್ ಆಗುತ್ತದೆ. ಆ ಮೌನದಲ್ಲಿ ಅಜ್ಜಿಯೇ ಮುಂದುವರಿಸಿದರು. ಅಂಗಮಾರಿ ರೋಗ ಬಂದ ವರ್ಷ ಹೊಲವೆಲ್ಲ ಕಪ್ಪಾಗಿದ್ದು, ಪಕ್ಕದವರು ಶುಂಠಿಗೆ, ಜೋಳಕ್ಕೆ ಹೊರಳಿದ್ದು, ತಾವು ಮಾತ್ರ ಗಡ್ಡೆ ಬಿಡಲಾರದೆ ಹೋಗಿದ್ದು ಎಲ್ಲ ಬಂತು.

ಕ್ಯಾಮೆರಾ ಮುಂದೆ ಆಡಿದ ಇಂಥ ಮಾತಿಗೆ ನಾವು ಬೈಟ್ ಅನ್ನುತ್ತೇವೆ. ಆ ಬೈಟನ್ನು ಹಾಗೇ ಬಿಡಬೇಕು. ಅಜ್ಜಿಯ ಕನ್ನಡವನ್ನು ತಿದ್ದಬೇಡಿ, ಅದರ ಮೇಲೆ ನಿಮ್ಮ ದನಿ ಹಾಕಿ ಪುಸ್ತಕದ ಕನ್ನಡ ಮಾಡಬೇಡಿ. ಇದನ್ನು ನಾನು ಜಗಳವಾಡಿಯಾದರೂ ಹೇಳುತ್ತೇನೆ. ನಮ್ಮ ಜಿಲ್ಲೆಯ ಮಾತು ಸುದ್ದಿಯಲ್ಲಿ ಕೇಳಿಸುವುದೇ ಅಪರೂಪ.

ಇನ್ನು ಬರವಣಿಗೆ. ಚಿತ್ರದಲ್ಲಿ ಕಾಣುವುದನ್ನು ಮಾತಿನಲ್ಲಿ ಮತ್ತೆ ಹೇಳುವುದು ಕಲಿಯುವವರ ಸಾಮಾನ್ಯ ತಪ್ಪು. ಅಜ್ಜಿ ಗಡ್ಡೆ ಕುಯ್ಯುತ್ತಿದ್ದಾರೆ ಅಂತ ವಾಯ್ಸ್ ಓವರ್ ಯಾಕೆ, ಕಾಣುತ್ತಿದೆಯಲ್ಲ. ಆ ಗಡ್ಡೆ ಜಲಂಧರದಿಂದ ಬಂತು ಅನ್ನುವುದು ಕಾಣುವುದಿಲ್ಲ, ಅದನ್ನು ಹೇಳಿ. ಒಂದು ವಾಕ್ಯಕ್ಕೆ ಒಂದೇ ವಿಷಯ. 'ಸದರಿ', 'ಮೇಲ್ಕಂಡ' ಎಲ್ಲ ಕಚೇರಿ ಕಡತಕ್ಕೆ, ಕಿವಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಬರೆದಿದ್ದನ್ನು ಗಟ್ಟಿಯಾಗಿ ಓದಿ. ಉಸಿರು ಕಟ್ಟಿದ ಕಡೆ ಪೂರ್ಣವಿರಾಮ ಹಾಕಿ. ಊರಿನ ಹೆಸರನ್ನು ಆ ಊರಿನವರು ಕರೆಯುವ ಹಾಗೇ ಓದಿ.

ಇನ್ನೊಂದು ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ತೀರಿಕೊಂಡ. ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಆನೆ. ಅಂದು ಸಂಜೆಯಿಂದಲೇ ಎಲ್ಲರ ಮೊಬೈಲಿಗೂ ತುಣುಕುಗಳು ಬಂದವು, ಒಂದೊಂದರ ಕೆಳಗೂ ಒಂದೊಂದು ಕಾರಣ ಬರೆದಿತ್ತು. ಮನೆಮಂದಿಯನ್ನು ಕಳೆದುಕೊಂಡಂತೆ ಜನ ಅತ್ತ ದಿನ ಅದು. ಅಂಥ ದಿನ ವರದಿಗಾರನ ಕೈ ಹೆಚ್ಚು ನಿಧಾನವಾಗಬೇಕು. ಒಂದು ತುಣುಕು ತನ್ನ ಮುಂದೆ ನಡೆದ ಇಪ್ಪತ್ತು ಸೆಕೆಂಡನ್ನು ಮಾತ್ರ ತೋರಿಸುತ್ತದೆ. ಅದಕ್ಕೆ ಮೊದಲು ಏನಾಯಿತು ಅನ್ನುವುದಕ್ಕೆ ಅಲ್ಲಿದ್ದ ಮಾವುತರನ್ನು, ಅವರ ಸಹಾಯಕರಾದ ಕಾವಾಡಿಗರನ್ನು, ಅರಣ್ಯ ಅಧಿಕಾರಿಗಳನ್ನು ಬೇರೆ ಬೇರೆಯಾಗಿ ಕೇಳಬೇಕು.

ದಿನನಿತ್ಯದ ಆನೆ ವಿಡಿಯೊಗಳೂ ಹಾಗೆಯೇ. ಬೇರೆ ರಾಜ್ಯದ ಹಳೆಯ ವಿಡಿಯೊಗೆ ನಮ್ಮ ಊರಿನ ಹೆಸರು ಅಂಟಿ ಬರುತ್ತದೆ. ಅದನ್ನು ಹಾಗೇ ಹಾಕಿದರೆ ಆ ಊರಿನ ಮಕ್ಕಳು ಶಾಲೆಗೆ ಹೋಗುವುದಿಲ್ಲ, ತೋಟದ ಕೆಲಸಕ್ಕೆ ಹೊರಟವರು ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾರೆ. ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ ನೋಡಿ. ನಿಮ್ಮಲ್ಲಿ ಮೂರು ದಿನದಿಂದ ಮಳೆ, ವಿಡಿಯೊದಲ್ಲಿ ಧೂಳು ಏಳುತ್ತಿದೆಯೇ ನೋಡಿ. ಆ ವಿಡಿಯೊದಿಂದ ಒಂದು ಚಿತ್ರ ತೆಗೆದು ಗೂಗಲ್‌ನಲ್ಲಿ ಹುಡುಕಿ. ಎಲ್ಲಕ್ಕಿಂತ ಮೊದಲು ಆ ಊರಿನ ಯಾರಿಗಾದರೂ ಫೋನ್ ಮಾಡಿ.

ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿಯಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನೆನಪಿರಲಿ. ಹೆಸರು, ಫೋಟೊ ಮಾತ್ರವಲ್ಲ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದೂ ಹೊರಬರುವಂತಿಲ್ಲ. ಮುಖ ಮಸುಕು ಮಾಡಿ, ಮನೆ ಬಾಗಿಲಿನ ರಂಗೋಲಿ, ಶಾಲೆಯ ಯೂನಿಫಾರ್ಮ್ ಹಾಗೇ ಬಿಟ್ಟರೆ ನಮ್ಮಂಥ ಸಣ್ಣ ಊರುಗಳಲ್ಲಿ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ.

ಆ ಹುಡುಗಿ ಆಲೂಗಡ್ಡೆಯ ವರದಿಯನ್ನು ಒಂದು ನಿಮಿಷ ನಲವತ್ತು ಸೆಕೆಂಡಿಗೆ ಕಟ್ಟಿ ತಂದಳು. ಶುರುವಿನಿಂದ ಕೊನೆಯವರೆಗೆ ಅವಳದೇ ಮಾತು ತುಂಬಿತ್ತು. ಕೂತು ಎರಡು ವಾಕ್ಯ ತೆಗೆದೆವು. ಆ ಜಾಗದಲ್ಲಿ ಏನೂ ಹಾಕಲಿಲ್ಲ, ಎಂಟು ಸೆಕೆಂಡು ಬರೀ ಈಳಿಗೆಯ ಸದ್ದು. ಕರ್ ಅಂತ ಗಡ್ಡೆ ಸೀಳುವುದು, ಹೋಳು ಮೊರಕ್ಕೆ ಬೀಳುವುದು, ದೂರದಲ್ಲಿ ಒಂದು ಕರು ಕೂಗುವುದು. ಮುಂದಿನ ಭಾನುವಾರ ಅದನ್ನು ಅಜ್ಜಿಗೆ ತೋರಿಸಲು ಹೋದೆವು. ಅವರಿಗೆ ಕಣ್ಣಿನ ಪೊರೆ, ಮೊಬೈಲಿನ ಪರದೆ ಸರಿಯಾಗಿ ಕಾಣಲಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡರು. ಆ ಎಂಟು ಸೆಕೆಂಡು ಬಂದಾಗ ಮುಖ ಅರಳಿತು.

"ಇದು ನಮ್ ಈಳಿಗೆ ಮಣೆ ಅಲ್ವೇನವ್ವ?" ಅಂದರು.

ನಮಸ್ಕಾರ.