ಬೆರಳಿಗೆ ಕರೆಂಟಿನ ಬಿಸಿ

ಕೇಳುಗರಿಗೆ ನಮಸ್ಕಾರ.

ಬೈಕ್ ಹತ್ತಿ ಲಡಾಖ್‌ಗೆ ಹೋಗುವ ಹುಚ್ಚು ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಜಾಸ್ತಿಯೇ. ಅಲ್ಲಿನ ಖರ್ದುಂಗ್ ಲಾ ಘಾಟಿಯ ನೆತ್ತಿ 5,359 ಮೀಟರ್ ಎತ್ತರದಲ್ಲಿದೆ. ಜೂನ್ ತಿಂಗಳಲ್ಲೂ ಬೆಳಗಿನ ಹೊತ್ತು ಕ್ಲಚ್ ಹಿಡಿದ ಬೆರಳು ಮರಗಟ್ಟಿಬಿಡುತ್ತದೆ. ಅದಕ್ಕೇ ಇವತ್ತು ಕರೆಂಟಿನಿಂದ ಬಿಸಿಯಾಗುವ ಗ್ಲೌಸ್ ವಿಷಯ.

ಒಂದರ ಮೇಲೊಂದು ಗ್ಲೌಸ್ ಹಾಕಿದರಾಯ್ತು, ಅಲ್ವಾ? ಆಗಲ್ಲ. ಬಿಗಿಯಾದರೆ ರಕ್ತ ಓಡಾಡುವುದೇ ಕಷ್ಟ. ಅದೂ ಅಲ್ಲದೆ, ಗ್ಲೌಸ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹಿಡಿದಿಡುತ್ತದೆ ಅಷ್ಟೇ. ಚಳಿ ಏರಿದಾಗ ಎದೆ, ಹೊಟ್ಟೆ ಬೆಚ್ಚಗಿರಲಿ ಅಂತ ಮೈ ಬೆರಳಿನ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಬಿಸಿ ರಕ್ತವೇ ಬರದಿದ್ದರೆ ಗ್ಲೌಸ್ ಏನನ್ನು ಹಿಡಿದಿಟ್ಟೀತು?

ಕರೆಂಟ್ ಗ್ಲೌಸ್ ಕೆಲಸಕ್ಕೆ ಬರುವುದು ಇಲ್ಲೇ. ಬಟ್ಟೆಯ ಪದರಗಳ ನಡುವೆ ತೆಳ್ಳನೆ ತಂತಿ. ಅದು ಅಂಗೈಯ ಹಿಂಬದಿಯಲ್ಲಿ ಹಾದು, ಬೆರಳುಗಳ ಉದ್ದಕ್ಕೂ ತುದಿಯ ತನಕ ಹೋಗುತ್ತದೆ. ಹ್ಯಾಂಡಲ್ ಹಿಡಿದಾಗ ಗಾಳಿ ಬಡಿಯುವುದು ಆ ಹಿಂಬದಿಗೇ ನೋಡಿ! ಬಿಸಿಯಾಗುವ ಗ್ರಿಪ್ ಹಾಕಿಸಿದರೆ ಅಂಗೈ ಮಾತ್ರ ಬೆಚ್ಚಗೆ.

ಇದು ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದವರು ಇಂಥ ಉಡುಪು, ಗ್ಲೌಸ್ ತೊಟ್ಟಿದ್ದರು. 25,000 ಅಡಿ ಮೇಲೆ, ಮೈನಸ್ 40 ಡಿಗ್ರಿ ಚಳಿ, ಗನ್ ಇಡುವ ಕಿಟಕಿ ಬೇರೆ ತೆರೆದೇ ಇರುತ್ತಿತ್ತು. ಮೊದಲ ಉಡುಪುಗಳ ವೈರಿಂಗ್ ನಮ್ಮ ಹಳೇ ಸೀರಿಯಲ್ ಸೆಟ್‌ನ ಹಾಗೆ. ಒಂದು ಕಡೆ ತಂತಿ ತುಂಡಾದರೆ ಇಡೀ ಉಡುಪೇ ತಣ್ಣಗೆ! ಆಮೇಲೆ ಅದನ್ನು ಸರಿಪಡಿಸಿದರು.

ಈಗ ಸಿಗುವುದು ಎರಡು ಬಗೆ. ಒಂದರಲ್ಲಿ ಮಣಿಕಟ್ಟಿನ ಹತ್ತಿರ ಪುಟ್ಟ ಲಿಥಿಯಂ ಬ್ಯಾಟರಿ, ಸಾಮಾನ್ಯವಾಗಿ 7.4 ವೋಲ್ಟಿನದು. ಪೂರ್ತಿ ಬಿಸಿಗಿಟ್ಟರೆ ಎರಡು ಮೂರು ಗಂಟೆಯಲ್ಲೇ ಖಾಲಿ. ಚಳಿಯಲ್ಲಿ ಇನ್ನೂ ಬೇಗ. ಇನ್ನೊಂದು ಬೈಕಿನ 12 ವೋಲ್ಟ್ ಬ್ಯಾಟರಿಗೇ ಜೋಡಿಸುವುದು. ವೈರು ಜಾಕೆಟ್ ತೋಳಿನೊಳಗೆ ಹಾಯಬೇಕು, ಇಳಿಯುವಾಗ ಮರೆಯದೆ ಬಿಚ್ಚಬೇಕು. ರಗಳೆ ನಿಜ, ಆದರೆ ದಿನವಿಡೀ ಓಡಿಸುವವರಿಗೆ ನಾನು ಇದನ್ನೇ ಹೇಳುವುದು.

ಕೈ ಮರಗಟ್ಟಿದ ಮೇಲೆ ಸ್ವಿಚ್ ಹಾಕಬೇಡಿ. ಹೊರಡುವಾಗಲೇ ಸಣ್ಣ ಬಿಸಿಯಲ್ಲಿಡಿ. ಸಕ್ಕರೆ ಕಾಯಿಲೆಯಿಂದ ಬೆರಳಿನ ಸ್ಪರ್ಶ ಕಮ್ಮಿಯಾದವರು ಡಾಕ್ಟರನ್ನು ಕೇಳಿಯೇ ಬಳಸಿ, ಸುಟ್ಟರೂ ಗೊತ್ತಾಗುವುದಿಲ್ಲ. ವಿಮಾನದಲ್ಲಿ ಲೇಹ್‌ಗೆ ಹೋಗುವವರು ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇಟ್ಟುಕೊಳ್ಳಿ.

ನಮಸ್ಕಾರ.