ಹಾಳೆ ಮರ ಯಾವುದು, ತೋರಿಸ್ತೀರಾ?

ನಮಸ್ಕಾರ. ಎರಡು ವರ್ಷ ಹಿಂದಿನ ಆಟಿ ಅಮಾವಾಸ್ಯೆ. ಬೆಳಿಗ್ಗೆ ಐದೂವರೆ, ಹೊರಗೆ ಜೋರು ಮಳೆ. ನಮ್ಮ ಫ್ಲ್ಯಾಟಿನ ಬಾಗಿಲು ಬಡಿದ ಸದ್ದು. ನೋಡಿದರೆ ಎದುರುಮನೆಯ ಹುಡುಗ, ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಅದರೊಳಗೆ ಮರದ ತೊಗಟೆ. "ಪಾಲೆದ ಕೆತ್ತೆ, ನಿಮಗೂ ಸ್ವಲ್ಪ ತಂದೆ" ಅಂದ.

ಅಮ್ಮ ಕನ್ನಡಕ ಹಾಕಿಕೊಂಡು ಒಂದು ತುಂಡು ತೆಗೆದರು. ಉಗುರಿನಿಂದ ಗೀರಿದರು, ಮೂಸಿದರು. "ಯಾವ ಮರದ್ದು ಮಗಾ ಇದು? ಹಾಲೇ ಇಲ್ಲ ಅಲ್ವಾ."

"ಹಾಳೆ ಮರದ್ದೇ ಅಮ್ಮ. ಟಾರ್ಚ್ ಹಾಕಿ ನೋಡಿದ್ದೇನೆ."

ಅಮ್ಮ ತೊಟ್ಟೆಗೆ ಗಂಟು ಹಾಕಿ ಹಾಗೇ ವಾಪಸು ಕೊಟ್ಟರು. "ಈ ವರ್ಷ ಕಷಾಯ ಬೇಡ. ನೀನೂ ಕುಡಿಯಬೇಡ. ಮೆಂತೆ ಗಂಜಿ ಉಂಟು, ಉಂಡು ಹೋಗು."

ಹೊರಗಿನವರಿಗೆ ಎರಡು ಮಾತು ಹೇಳಬೇಕು. ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆ ಅಮಾವಾಸ್ಯೆಯಂದು ಸೂರ್ಯ ಹುಟ್ಟುವ ಮೊದಲೇ ಹಾಳೆ ಮರದ ತೊಗಟೆಯನ್ನು, ತುಳುವಿನಲ್ಲಿ ಪಾಲೆದ ಕೆತ್ತೆಯನ್ನು, ಕಲ್ಲಿನಲ್ಲಿ ಜಜ್ಜಿ ತರುತ್ತಾರೆ, ಕಬ್ಬಿಣ ತಾಗಿಸುವುದಿಲ್ಲ. ಅರೆದು ರಸ ತೆಗೆದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ, ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಅದ್ದಿ ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಕಹಿ ಅಂದರೆ ಕಹಿ ಮಾರಾಯ್ರೆ, ನಾಲಿಗೆ ಮಧ್ಯಾಹ್ನದವರೆಗೆ ಸುಧಾರಿಸುವುದಿಲ್ಲ.

ಕತ್ತಲೆ, ಮಳೆ, ಅವಸರ. ಅದೇ ಕಾಡಿನಲ್ಲಿ ಕಾಸರಕನ ಮರವೂ ಇದೆ. ಅದರ ಬೀಜದಲ್ಲಿ, ತೊಗಟೆಯಲ್ಲಿ ಇರುವುದು ಸ್ಟ್ರಿಕ್ನಿನ್, ಬ್ರೂಸಿನ್. ಎರಡೂ ವಿಷ. ಹಗಲು ಹೊತ್ತು ಎಲೆ ನೋಡಿದರೆ ಗುರುತು ಕಷ್ಟವಿಲ್ಲ. ಹಾಳೆ ಮರದಲ್ಲಿ ಒಂದೇ ಗಂಟಿನಿಂದ ಆರೇಳು ಎಲೆಗಳು ಛತ್ರಿಯ ಹಾಗೆ ಸುತ್ತಲೂ ಹೊರಡುತ್ತವೆ, ಸಪ್ತಪರ್ಣ ಅನ್ನುವುದು ಅದಕ್ಕೇ. ಕಾಸರಕದಲ್ಲಿ ಎಲೆ ಎದುರುಬದುರು ಜೋಡಿ. ಗೀರಿದರೆ ಹಾಳೆಯಲ್ಲಿ ಹಾಲು ಬರುತ್ತದೆ. ಆದರೆ ಹಾಲು ಬರುವ ಮರ ಬೇರೆಯೂ ಇವೆ, ಅದೊಂದನ್ನೇ ನಂಬಬೇಡಿ. ಹಿಂದೆ ಹಿರಿಯರು ಮುಂಚಿನ ದಿನ ಸಂಜೆಯೇ ಹೋಗಿ ಮರ ನೋಡಿ, ನೂಲು ಕಟ್ಟಿ ಬರುತ್ತಿದ್ದರು. ನಾನು ಅದನ್ನು ಸುಮ್ನೆ ಶಾಸ್ತ್ರ ಅಂದುಕೊಂಡಿದ್ದೆ.

ನೂಲು ಕಟ್ಟುವ ಅಜ್ಜ ಈಗ ಇಲ್ಲ. ಹಾಗಾದರೆ ಈ ಊರಲ್ಲಿ ಹಾಳೆ ಮರ ಯಾವುದು ಅಂತ ಗ್ಯಾರಂಟಿಯಾಗಿ ತೋರಿಸುವವರು ಯಾರು? ಸಸ್ಯೋದ್ಯಾನಕ್ಕೆ ಇರುವ ಮೊದಲ ಕೆಲಸ ಇದೇ ಅಂತ ನನ್ನ ವಾದ.

ಮಂಗಳೂರಿನಲ್ಲಿ ಲಾಲ್‌ಬಾಗ್ ಅಂತ ಜಾಗ ಉಂಟು. ನಮಗೆ ಅದು ಬಸ್ ಸ್ಟಾಪ್, ಮಹಾನಗರ ಪಾಲಿಕೆ ಆಫೀಸು. ಬೆಂಗಳೂರಿನದ್ದು 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ. ನಮ್ಮ ಪಾಲಿಗೆ ಇರುವುದು ವಾಮಂಜೂರಿನ ಹತ್ತಿರದ ಪಿಲಿಕುಳ. ಪಿಲಿ ಅಂದರೆ ಹುಲಿ, ಅದು ನೀರು ಕುಡಿಯಲು ಬರುತ್ತಿದ್ದ ಕೊಳ. ಶಿವರಾಮ ಕಾರಂತರ ಹೆಸರಿನ ಆ ನಿಸರ್ಗಧಾಮದಲ್ಲಿ ಮೃಗಾಲಯ, ಬೋಟಿಂಗ್, ತಾರಾಲಯ, ಹಳೆಯ ಕಾಲದ ದೊಡ್ಡ ಗುತ್ತಿನ ಮನೆ ಎಲ್ಲ ಉಂಟು. ಪಶ್ಚಿಮ ಘಟ್ಟದ ಮರಗಿಡಗಳ ಸಸ್ಯಕಾಶಿಯೂ ಉಂಟು. ನೆಂಟರು ಬಂದಾಗ ನಾವು ಹುಲಿ ತೋರಿಸುತ್ತೇವೆ, ದೋಣಿ ಹತ್ತಿಸುತ್ತೇವೆ, ಐಸ್‌ಕ್ರೀಂ ತಿನ್ನಿಸುತ್ತೇವೆ. ಸಸ್ಯಕಾಶಿಗೆ ಎಷ್ಟು ಸಲ ಕರೆದುಕೊಂಡು ಹೋಗಿದ್ದೇವೆ? ನಾನಂತೂ ಹತ್ತು ಸಲ ಪಿಲಿಕುಳಕ್ಕೆ ಹೋದವನು, ಮರ ನೋಡಲಿಕ್ಕೆ ಅಂತಲೇ ಹೋದದ್ದು ಒಂದೇ ಸಲ.

ಪಾರ್ಕಿನಲ್ಲಿ ಗಿಡ ಚೆಂದ ಇದ್ದರೆ ಸಾಕು. ಸಸ್ಯೋದ್ಯಾನದಲ್ಲಿ ಗಿಡಕ್ಕೆ ಜಾತಕ ಬೇಕು. ಯಾವ ಕಾಡಿನ ಬೀಜ, ಯಾರು ತಂದದ್ದು, ಯಾವ ವರ್ಷ ನೆಟ್ಟದ್ದು, ಎಲ್ಲ ಒಂದು ನಂಬರಿನಡಿ ಪುಸ್ತಕದಲ್ಲಿ ಇರಬೇಕು. ಆ ಪುಸ್ತಕ ಕಳೆದುಹೋದರೆ ಎಷ್ಟು ಎಕರೆ ಇದ್ದರೂ ಅದು ಬರೀ ತೋಟ. ನಾನು ಹೆಸರು ಹೇಳದ ಒಂದು ಉದ್ಯಾನದಲ್ಲಿ ಹೊಂಗೆ ಮರಕ್ಕೆ ಮೊಳೆ ಹೊಡೆದು 'ಹೊನ್ನೆ' ಅಂತ ಬೋರ್ಡ್ ತೂಗುಹಾಕಿದ್ದರು. ಒಂದು ಅಕ್ಷರ ಆಚೆ ಈಚೆ, ಅಷ್ಟೇ. ಅದನ್ನು ಶಾಲೆಯ ಮಕ್ಕಳು ಸಾಲಾಗಿ ನಿಂತು ಬರೆದುಕೊಳ್ಳುತ್ತಿದ್ದರು.

ಇನ್ನೊಂದು ವಿಷಯ. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಬೀಜ ಕಾಪಾಡುವ ಉಗ್ರಾಣ ಇದೆ, 2008ರಲ್ಲಿ ಶುರುವಾದದ್ದು. ಭತ್ತ, ಗೋಧಿಗೆ ಅದು ಸರಿ. ನಮ್ಮ ಘಟ್ಟದ ಎಷ್ಟೋ ಮರಗಳಿಗೆ ಅದು ಉಪಯೋಗವಿಲ್ಲ. ರಾಂಪತ್ರೆ, ಸಾಲುಧೂಪ, ನಮ್ಮ ಹಲಸು, ಇವುಗಳ ಬೀಜ ಒಣಗಿತೋ, ಸತ್ತಿತು. ಹಲಸಿನ ಬೀಜವನ್ನು ಮಳೆಗಾಲಕ್ಕೆ ಇಡಬೇಕಾದರೆ ಅಜ್ಜಿ ಏನು ಮಾಡುತ್ತಿದ್ದರು? ಕೆಮ್ಮಣ್ಣು ಕಲಸಿ ಬಳಿದು ಮೂಲೆಯಲ್ಲಿ ರಾಶಿ ಹಾಕುತ್ತಿದ್ದರು. ತೇವ ಉಳಿಯಲಿ ಅಂತ. ಅದೂ ಕೆಲವು ತಿಂಗಳಷ್ಟೇ. ಹಾಗಾಗಿ ಈ ಜಾತಿಗಳನ್ನು ಉಳಿಸಬೇಕಾದರೆ ಮರವನ್ನೇ ಸಾಕಬೇಕು. ರಾಂಪತ್ರೆಯಲ್ಲಂತೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ನೆಟ್ಟು ಫೋಟೋ ತೆಗೆದರೆ ಕಾಯಿ ಬರುವುದಿಲ್ಲ.

ಮೊದಲು ಈ ಕೆಲಸ ನಾಗಬನಗಳು ಮಾಡುತ್ತಿದ್ದವು. ಕತ್ತಿ ತಾಗದ ಎರಡು ಸೆಂಟ್ಸ್ ಕಾಡು, ಪ್ರತಿ ಊರಿಗೂ ಒಂದು. ಈಗ ಎಷ್ಟೋ ಕಡೆ ಬನ ಅಂದರೆ ಇಂಟರ್‌ಲಾಕ್ ಹಾಸಿದ ಅಂಗಳ, ಗ್ರಾನೈಟ್ ಕಟ್ಟೆ, ಮೇಲೆ ಶೀಟು. ನಾಗನಿಗೆ ನೆರಳೇ ಇಲ್ಲ. ಯಾರಾದರೂ ಮತ್ತೆ ಮರ ನೆಡುತ್ತೇವೆ ಅಂದರೆ ಸರಿಯಾದ ಸಸಿ ಬೇಕಲ್ಲ. ಮಾಮೂಲಿ ನರ್ಸರಿಯಲ್ಲಿ ಸಿಗುವುದು ಕ್ರೋಟನ್ನು, ಫಾಕ್ಸ್‌ಟೈಲ್ ಪಾಮು.

ಹೊಸ ರೈಡ್, ಹೊಸ ಸೆಲ್ಫಿ ಪಾಯಿಂಟ್ ಯಾವುದೂ ಬೇಡ ಅಂತ ನಾನು ಹೇಳುವುದಿಲ್ಲ, ಟಿಕೆಟಿನ ದುಡ್ಡು ಬೇಕಲ್ಲ. ಆದರೆ ಅದರಲ್ಲಿ ಸ್ವಲ್ಪ ಮರದ ಬುಡಕ್ಕೆ ಬರಲಿ. ಬೋರ್ಡಿನಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಹೆಸರೂ ಇರಲಿ. ನಾವು ಪುನರ್ಪುಳಿ ಅನ್ನುವುದನ್ನು ಉತ್ತರ ಕನ್ನಡದವರು ಮುರುಗಲು ಅನ್ನುತ್ತಾರೆ, ಅಂಗಡಿಯಲ್ಲಿ ಕೋಕಂ. ಹಾಳೆ ಅಂದರೆ ನಮ್ಮ ಮಕ್ಕಳಿಗೆ ಅಡಿಕೆ ಹಾಳೆಯ ತಟ್ಟೆ ನೆನಪಾಗುತ್ತದೆ! ಹಲವು ಹೆಸರು ಒಟ್ಟಿಗೆ ಬರೆಯುವುದು ಹೊಸ ಐಡಿಯಾ ಏನಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ, ಮಲಬಾರಿನ ಗಿಡಮರಗಳ ಪುಸ್ತಕ 'ಹೋರ್ಟಸ್ ಮಲಬಾರಿಕಸ್'ನಲ್ಲಿ ಗಿಡದ ಚಿತ್ರದ ಮೇಲೆ ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲಿ ಹೆಸರುಗಳಿವೆ. ಆ ಕೆಲಸಕ್ಕೆ ಕೂತವರಲ್ಲಿ ಮಲಬಾರಿನ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ಮೂವರು ಕೊಂಕಣಿ ವೈದ್ಯರೂ ಇದ್ದರು, ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್.

ಆಟಿಗೆ ಮುಂಚಿನ ಭಾನುವಾರ ಸಂಜೆ ಹಾಳೆ ಮರ, ಕಾಸರಕದ ಮರ ಎರಡನ್ನೂ ಅಕ್ಕಪಕ್ಕ ತೋರಿಸುವ ಒಂದು ಗಂಟೆಯ ನಡಿಗೆ ಇಟ್ಟರೆ ಎಷ್ಟು ಜನ ಬರುತ್ತಾರೆ ನೋಡಿ. ಯಾರೂ ಇಡದಿದ್ದರೂ ಈ ಸಲ ನಾನು ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಎದುರುಮನೆಯ ಹುಡುಗನೂ ಬರುತ್ತಾನೆ. ಅಮ್ಮನದ್ದು ಒಂದೇ ಕಂಡೀಷನ್. ಮೊದಲು ಅವರು ಮರ ನೋಡಿ ಹೆಸರು ಹೇಳುತ್ತಾರಂತೆ, ಆಮೇಲೆ ನಾವು ಬೋರ್ಡ್ ಓದಬೇಕಂತೆ.