ರೋಮರ್‌ಬರ್ಗ್‌ನ ಉಪ್ಪಿನ ಮನೆಯನ್ನು ಹಾಗೇ ಬಿಡಿ

ನಮಸ್ಕಾರ. ಫ್ರಾಂಕ್‌ಫರ್ಟ್ ಊರಿನ ನಟ್ಟನಡುವೆ ರೋಮರ್‌ಬರ್ಗ್ ಅಂತ ಒಂದು ಚೌಕ ಇದೆ. ಅಲ್ಲಿಗೆ ಹೋದವರೆಲ್ಲ ಪೂರ್ವದ ಕಡೆ ಕ್ಯಾಮೆರಾ ತಿರುಗಿಸುತ್ತಾರೆ. ಆ ಕಡೆ ಮರದ ಚೌಕಟ್ಟಿನ ಮನೆಗಳ ಸಾಲಿದೆ. ಚೂಪು ಸೂರು, ಕಂದು ಬಣ್ಣದ ತೊಲೆಗಳು, ನಡುವೆ ಬಿಳಿ ಗೋಡೆ. ನೀವು ನೋಡಿರುವ ಫ್ರಾಂಕ್‌ಫರ್ಟ್ ಫೋಟೋಗಳಲ್ಲಿ ಅರ್ಧದಷ್ಟು ಇವೇ ಇರುತ್ತವೆ. ಅದೇ ಚೌಕದ ಇನ್ನೊಂದು ಮೂಲೆಯಲ್ಲಿ, ನಗರಸಭೆಯ ಕಟ್ಟಡಕ್ಕೆ ಅಂಟಿಕೊಂಡು, ಒಂದು ಸಾದಾ ಮನೆ ನಿಂತಿದೆ. ಸಾಲ್ಟ್ಸ್‌ಹೌಸ್, ಅಂದರೆ ಉಪ್ಪಿನ ಮನೆ. ಅದನ್ನು ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ ಇದ್ದ ರೂಪಕ್ಕೆ ಅದನ್ನು ಮತ್ತೆ ತರಬೇಕು ಅನ್ನುವವರಿದ್ದಾರೆ. ಇವತ್ತಿನ ನನ್ನ ಮಾತು ಈಗಿರುವ ಆ ಮನೆಯ ಪರವಾಗಿ.

ಮೊದಲು ಆ ಚೆಂದದ ಸಾಲಿನ ವಿಷಯ ಮುಗಿಸೋಣ. ಗ್ರೋಸರ್ ಎಂಗೆಲ್, ಅಂದರೆ ದೊಡ್ಡ ದೇವದೂತ. ಗೋಲ್ಡನರ್ ಗ್ರೈಫ್, ವಿಲ್ಡರ್ ಮಾನ್. ಒಂದೊಂದು ಮನೆಗೂ ಒಂದೊಂದು ಹೆಸರು. ನೋಡಿದರೆ ನಾಲ್ಕೈದು ನೂರು ವರ್ಷ ಹಳೆಯವು ಅನಿಸುತ್ತದೆ, ಅಲ್ವಾ? ಕೆಲಸ ಶುರುವಾಗಿದ್ದು 1981ರಲ್ಲಿ, ಮುಗಿದದ್ದು 1984ರಲ್ಲಿ. ಈ ವಿಡಿಯೋ ನೋಡುತ್ತಿರುವ ಎಷ್ಟೋ ಜನ ಆ ಮನೆಗಳಿಗಿಂತ ದೊಡ್ಡವರು. ಇನ್ನೂ ಒಂದು ತಮಾಷೆ ಇದೆ. ಯುದ್ಧಕ್ಕೆ ಮುಂಚೆ ಅಲ್ಲಿದ್ದ ಮನೆಗಳಲ್ಲಿ ಹೆಚ್ಚಿನವಕ್ಕೆ ಹೊರಗೆ ಗಾರೆಯೋ ಕಲ್ಲಿನ ಹಲಗೆಯೋ ಹೊದಿಸಿತ್ತು, ತೊಲೆಗಳು ಕಾಣುತ್ತಲೇ ಇರಲಿಲ್ಲ. ಮತ್ತೆ ಕಟ್ಟುವಾಗ, ತೊಲೆ ಕಂಡರೇ ಚೆಂದ ಅಂತ ಹೊರಗೆ ಬಿಟ್ಟರು. ಒಳಗಿನ ಚೌಕಟ್ಟು ಹೇಗಿತ್ತು ಅಂತ ತಿಳಿಯದ ಕಡೆ ಹೊಸದಾಗಿ ವಿನ್ಯಾಸ ಮಾಡಿದರು. ಅಂದರೆ ನಾವು ಫೋಟೋ ತೆಗೆಯುತ್ತಿರುವುದು ಹಳೆಯ ಸಾಲಿನ ನಕಲನ್ನೂ ಅಲ್ಲ. ಹಳೆಯದು ಹೀಗಿದ್ದಿದ್ದರೆ ಚೆನ್ನಾಗಿತ್ತು ಅಂತ 1980ರ ದಶಕದವರು ಅಂದುಕೊಂಡದ್ದನ್ನು.

ನನಗೆ ಇದರಲ್ಲಿ ಮೂಗು ಮುರಿಯುವಂಥದ್ದೇನೂ ಕಾಣುವುದಿಲ್ಲ. ಊರಿನವರಿಗೆ ಬೇಕಿತ್ತು, ಕಟ್ಟಿಕೊಂಡರು. ಆದರೆ ಅದು ಯಾವ ಕಾಲದ್ದು ಅಂತ ನೋಡುವವರಿಗೆ ಗೊತ್ತಿರಬೇಕು.

ಈಗ ಚೌಕದ ಹಳೆಯ ಕಥೆ. ಪಶ್ಚಿಮಕ್ಕೆ ಮೆಟ್ಟಿಲಿನಂಥ ಮೂರು ಮುಡಿಗಳಿರುವ ಕಟ್ಟಡ ಇದೆಯಲ್ಲ, ಅದು ರೋಮರ್, ಊರಿನ ನಗರಸಭೆ. 1405ರಲ್ಲಿ ಊರಿನ ಮಂಡಳಿಯವರು ವ್ಯಾಪಾರಿಗಳ ಮನೆ ಕೊಂಡು ಅಲ್ಲಿ ಕಚೇರಿ ಮಾಡಿಕೊಂಡರು. ಇವತ್ತಿಗೂ ಮೇಯರ್ ಕೂರುವುದು ಅಲ್ಲೇ. ಮದುವೆ ನೋಂದಣಿಯೂ ಅಲ್ಲೇ ನಡೆಯುತ್ತದೆ. 2022ರಲ್ಲಿ ಊರಿನ ಫುಟ್‌ಬಾಲ್ ತಂಡ ಐನ್‌ಟ್ರಾಖ್ಟ್ ಯುರೋಪಾ ಲೀಗ್ ಗೆದ್ದಾಗ ಕಪ್ ಎತ್ತಿ ತೋರಿಸಿದ್ದು ಅದರ ಬಾಲ್ಕನಿಯಿಂದಲೇ. ಹಾಗಂತ ಆ ಬಾಲ್ಕನಿ 1405ರದ್ದಲ್ಲ. ಈಗ ಕಾಣುವ ಮುಂಭಾಗಕ್ಕೆ ಆ ರೂಪ ಬಂದದ್ದು 19ನೇ ಶತಮಾನದ ಕೊನೆಯಲ್ಲಿ.

1562ರಿಂದ 1792ರವರೆಗೆ ಪವಿತ್ರ ರೋಮನ್ ಸಾಮ್ರಾಜ್ಯದ ಹೆಚ್ಚಿನ ಪಟ್ಟಾಭಿಷೇಕಗಳು ನಡೆದದ್ದು ಈ ಊರಿನಲ್ಲೇ. ಚರ್ಚಿನಲ್ಲಿ ಕಿರೀಟ ಇಟ್ಟುಕೊಂಡ ಚಕ್ರವರ್ತಿ ಮೆರವಣಿಗೆಯಲ್ಲಿ ರೋಮರ್‌ಗೆ ಬರುತ್ತಿದ್ದ, ಮೇಲಿನ ಸಭಾಂಗಣದಲ್ಲಿ ಊಟ. ಕೆಳಗೆ ಚೌಕದಲ್ಲಿ ಜನರಿಗೆ ಬೇರೆ ಹಬ್ಬ. ಒಂದು ಇಡೀ ಎತ್ತನ್ನು ಸುಡುತ್ತಿದ್ದರು. ಕಾರಂಜಿಯಲ್ಲಿ ನೀರಿನ ಬದಲು ವೈನ್ ಹರಿಯುತ್ತಿತ್ತು. ಓಟ್ಸ್ ರಾಶಿ ಹಾಕಿರುತ್ತಿದ್ದರು. ಒಬ್ಬ ಅಧಿಕಾರಿ ಕುದುರೆ ಏರಿ ಬಂದು, ಬೆಳ್ಳಿಯ ಅಳತೆಪಾತ್ರೆಯಲ್ಲಿ ಅದರಿಂದ ಒಂದಿಷ್ಟು ತುಂಬಿಕೊಂಡು ಹೋಗುತ್ತಿದ್ದ. ಆಮೇಲೆ ಜನ ಮುಗಿಬೀಳುತ್ತಿದ್ದರು. ಎತ್ತಿನ ತಲೆ ಯಾರಿಗೆ ಅಂತ ಕಸಾಯಿಯವರಿಗೂ ವೈನ್ ಪೀಪಾಯಿ ಹೊರುವವರಿಗೂ ಹೊಡೆದಾಟವೇ ಆಗುತ್ತಿತ್ತಂತೆ. ಮೇಲೆ ಚಕ್ರವರ್ತಿ, ಕೆಳಗೆ ಕುಸ್ತಿ!

ಆ ಕಾರಂಜಿ ಈಗಲೂ ಚೌಕದ ನಡುವೆ ಇದೆ. ಮೇಲೆ ನ್ಯಾಯದೇವತೆ ನಿಂತಿದ್ದಾಳೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ತಕ್ಕಡಿ. ಕಣ್ಣಿಗೆ ಮಾತ್ರ ಬಟ್ಟೆ ಕಟ್ಟಿಲ್ಲ. ನೇರ ನಗರಸಭೆಯನ್ನೇ ನೋಡುತ್ತಿದ್ದಾಳೆ. ಈಗಿನ ಕಂಚಿನ ಮೂರ್ತಿ 1887ರದ್ದು. ಹಳೆಯ ಕಲ್ಲಿನ ಮೂರ್ತಿ ಹಾಳಾಗಿತ್ತು, ಮಾನ್ಸ್‌ಕಾಫ್ ಅನ್ನುವ ವೈನ್ ವ್ಯಾಪಾರಿ ಕಂಚಿನದ್ದು ಮಾಡಿಸಿಕೊಟ್ಟ. ನೋಡಿ, ಹಳೆಯದರ ಜಾಗದಲ್ಲಿ ನಕಲು ಇಡುವ ಅಭ್ಯಾಸ ಇಲ್ಲಿ 1984ರಲ್ಲಿ ಶುರುವಾಗಿದ್ದಲ್ಲ.

ಕಾರಂಜಿಯ ಹತ್ತಿರ ನಡೆಯುವಾಗ ಸ್ವಲ್ಪ ಕಾಲ ಕೆಳಗೆ ನೋಡಿ. ನೆಲದಲ್ಲಿ ಒಂದು ಕಂಚಿನ ಫಲಕ ಹುದುಗಿಸಿದ್ದಾರೆ. 1933ರ ಮೇ 10ರಂದು ಇದೇ ಚೌಕದಲ್ಲಿ ನಾಜಿ ವಿದ್ಯಾರ್ಥಿಗಳು ಪುಸ್ತಕಗಳನ್ನು ಸುಟ್ಟರು. ಪುಸ್ತಕಗಳನ್ನು ತಂದದ್ದು ಗೊಬ್ಬರ ಸಾಗಿಸುವ ಗಾಡಿಯಲ್ಲಿ, ಎತ್ತು ಕಟ್ಟಿಕೊಂಡು. ಬೇಕಂತಲೇ ಹಾಗೆ ಮಾಡಿದ್ದು, ಅವಮಾನ ಮಾಡಲಿಕ್ಕೆ. ಕ್ರಿಸ್‌ಮಸ್ ಸಂತೆಯ ಹೊತ್ತಲ್ಲಿ ಚೌಕ ಎಷ್ಟು ಗಿಜಿಗಿಜಿ ಅನ್ನುತ್ತದೆ ಅಂದರೆ, ಜನ ಆ ಫಲಕದ ಪಕ್ಕದಲ್ಲೇ ಹಾದುಹೋದರೂ ಗೊತ್ತಾಗುವುದಿಲ್ಲ.

ಆಮೇಲೆ 1944ರ ಮಾರ್ಚ್. ಬ್ರಿಟಿಷ್ ವಿಮಾನಗಳ ಬಾಂಬ್ ದಾಳಿ, ಅದರಲ್ಲೂ 22ರ ರಾತ್ರಿಯದು. ಮರದ ಮನೆಗಳು ಸಾವಿರಕ್ಕೂ ಜಾಸ್ತಿ, ಒಂದಕ್ಕೊಂದು ತಾಗಿಕೊಂಡಿದ್ದ ಓಣಿಗಳು. ಹೇಗೆ ಉರಿದಿರಬೇಡ! ಚೌಕದ ದಕ್ಷಿಣಕ್ಕೆ, ನದಿಯ ಕಡೆ, ವೆರ್ಟ್‌ಹೈಮ್ ಅಂತ ಒಂದು ಮನೆ ಇದೆ. 1600ರ ಹೊತ್ತಿನದು. ಹಳೇ ಪೇಟೆಯ ಮರದ ಮನೆಗಳಲ್ಲಿ ಏನೂ ಆಗದೆ ಉಳಿದದ್ದು ಅದೊಂದೇ. ಜನ ಬೆಂಕಿಯಿಂದ ನದಿಯ ಕಡೆ ತಪ್ಪಿಸಿಕೊಂಡು ಓಡುವ ದಾರಿ ಅದರ ಪಕ್ಕದಲ್ಲೇ ಇತ್ತು. ಆ ದಾರಿ ಮುಚ್ಚಬಾರದು ಅಂತ ಅಗ್ನಿಶಾಮಕ ದಳದವರು ಅಲ್ಲಿ ನೀರು ಹಾಯಿಸುತ್ತಲೇ ಇದ್ದರು. ಹಾಗಾಗಿ ಮನೆ ಬದುಕಿತು. ಚೌಕದ ಹತ್ತಿರ ನಿಜಕ್ಕೂ ಹಳೆಯ ಮರದ ಮನೆ ನೋಡಬೇಕಾ? ಅಲ್ಲಿಗೆ ಹೋಗಿ.

ಯುದ್ಧ ಮುಗಿದ ಮೇಲೆ ಚೌಕಕ್ಕೂ ಚರ್ಚಿಗೂ ನಡುವಿನ ಜಾಗ ಎಷ್ಟೋ ಕಾಲ ಕಾರು ನಿಲ್ಲಿಸುವ ಬಯಲಾಗಿತ್ತು. 1970ರ ದಶಕದಲ್ಲಿ ಮೆಟ್ರೋ ಬಂತು, ನೆಲದಡಿ ಪಾರ್ಕಿಂಗ್ ಬಂತು, ಮೇಲೆ ತಾಂತ್ರಿಕ ಕಚೇರಿಗಳ ಒಂದು ದೈತ್ಯ ಕಾಂಕ್ರೀಟ್ ಕಟ್ಟಡ ಬಂತು. ಮುಗಿದದ್ದು 1974ರಲ್ಲಿ, ಕೆಡವಲು ಶುರು ಮಾಡಿದ್ದು 2010ರಲ್ಲಿ. ಆ ಜಾಗದಲ್ಲಿ 35 ಮನೆಗಳನ್ನು ಕಟ್ಟಿದರು. 15 ಹಳೆಯವುಗಳ ಮರುನಿರ್ಮಾಣ, ಉಳಿದ 20 ಹೊಸ ವಿನ್ಯಾಸ. 2018ರಲ್ಲಿ ಜನರಿಗೆ ತೆರೆದರು. ಹೆಸರು ಹೊಸ ಹಳೇ ಪೇಟೆ! ಅದರ ಅಡಿಯಲ್ಲಿ ಇರುವುದು ಅದೇ ಪಾರ್ಕಿಂಗ್, ಅದೇ ಮೆಟ್ರೋ. ಓಣಿಯಲ್ಲಿ ಕಾಫಿ ಕುಡಿಯುವವರ ಕಾಲ ಕೆಳಗೆ ಕಾರುಗಳು ರಿವರ್ಸ್ ತೆಗೆಯುತ್ತಿರುತ್ತವೆ.

ಆ ವರ್ಷ ದೊಡ್ಡ ಜಗಳವೇ ಆಯಿತು. ವಾಸ್ತುಶಿಲ್ಪದ ಪ್ರಾಧ್ಯಾಪಕ ಸ್ಟೆಫಾನ್ ಟ್ರೂಬಿ, ಈ ಯೋಜನೆಯ ಮೊದಲ ಪ್ರಸ್ತಾವದ ಹಿಂದೆ ಕಟ್ಟಾ ಬಲಪಂಥೀಯರಿದ್ದರು ಅಂತ ಬರೆದರು. ಹಳೆಯ ಓಣಿ ಇಷ್ಟಪಟ್ಟವರೆಲ್ಲ ಬಲಪಂಥೀಯರಾ ಅಂತ ಊರಿನವರು ಸಿಟ್ಟಾದರು. ನನಗೆ ಇಬ್ಬರ ಮಾತೂ ಅರ್ಥವಾಗುತ್ತದೆ. ಊರಿನ ಬಹಳ ಜನರಿಗೆ ಬೇಕಾಗಿದ್ದದ್ದು ಕಾಲಿಟ್ಟು ನಡೆಯಲು ಚೆಂದದ ಒಂದು ಜಾಗ ಅಷ್ಟೇ. ಆದರೆ ಟ್ರೂಬಿ ಕೇಳಿದ ಪ್ರಶ್ನೆಯಲ್ಲಿ ತಳ್ಳಿಹಾಕಲಾಗದ ಒಂದು ಅಂಶ ಇದೆ. ಮರದ ಮನೆಗಳ ಸಾಲು ಬೆಳೆದಷ್ಟೂ, ಇಲ್ಲಿ ಏನೂ ಆಗಲೇ ಇಲ್ಲವೇನೋ ಅನ್ನುವ ಹಾಗೆ ಕಾಣತೊಡಗುತ್ತದೆ. ಮನೆಗಳು ಹೋದದ್ದು ಬಾಂಬಿನಿಂದ, ಬಾಂಬ್ ಬಂದದ್ದು ಒಂದು ಯುದ್ಧದಿಂದ, ಆ ಯುದ್ಧ ಶುರು ಮಾಡಿದವರನ್ನು ಬೆಂಬಲಿಸಿದವರು ಇದೇ ಚೌಕದಲ್ಲಿ ನಿಂತಿದ್ದರು. ಈ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಣ್ಮರೆಯಾಗುತ್ತವೆ.

ನಾನು ಉಪ್ಪಿನ ಮನೆಯ ಪರ ನಿಲ್ಲುವುದು ಇದಕ್ಕೇ. ಯುದ್ಧಕ್ಕೆ ಮುಂಚೆ ಅದು ಊರಿನ ಅತಿ ಚೆಂದದ ಮರದ ಮನೆ ಅನಿಸಿಕೊಂಡಿತ್ತು. ಚೌಕದ ಕಡೆಗಿನ ಮುಖದ ತುಂಬಾ ಕೆತ್ತನೆ. 1944ರಲ್ಲಿ ಸುಟ್ಟುಹೋಯಿತು. ಆದರೆ ಕೆತ್ತನೆಯ ಕೆಲವು ಹಲಗೆಗಳನ್ನು ಮೊದಲೇ ಬಿಚ್ಚಿ ಬೇರೆ ಕಡೆ ಇಟ್ಟಿದ್ದರು. 1950ರ ದಶಕದ ಶುರುವಿನಲ್ಲಿ ಹೊಸ ಮನೆ ಕಟ್ಟಿದಾಗ ನಕಲು ಮಾಡಲು ಹೋಗಲಿಲ್ಲ. ದುಡ್ಡೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಆ ಕಾಲದ ಸಾದಾ ಗೋಡೆ, ಸಾದಾ ಕಿಟಕಿ. ಉಳಿದಿದ್ದ ಹಳೆಯ ಹಲಗೆಗಳನ್ನು ಅದರ ಮುಂಭಾಗದಲ್ಲಿ ಕೂರಿಸಿದರು. ಜೊತೆಗೆ ಬೂದಿಯಿಂದ ಮೇಲೇಳುವ ಫೀನಿಕ್ಸ್ ಹಕ್ಕಿಯ ಒಂದು ದೊಡ್ಡ ಮೊಸಾಯಿಕ್. ನಿಂತು ನೋಡಿದರೆ ಎಲ್ಲ ಗೊತ್ತಾಗುತ್ತದೆ: ಇದು ಹಳೆಯದು, ಇದು ಹೊಸದು, ನಡುವೆ ಬೆಂಕಿ ಬಿದ್ದಿತ್ತು. ಹರಿದ ಕಡೆ ತೇಪೆ ಹಾಕಿದ್ದಾರೆ, ಅದು ತೇಪೆ ಅಂತ ಮುಚ್ಚಿಟ್ಟಿಲ್ಲ.

ಈಗ ಇದನ್ನೂ ಹಳೆಯ ರೂಪಕ್ಕೆ ತರಬೇಕು ಅನ್ನುವ ಒತ್ತಾಯ ಇದೆ. ಹಲಗೆಗಳು ಇವೆ, ಫೋಟೋಗಳು ಇವೆ, ಕೆತ್ತುವವರೂ ಸಿಗುತ್ತಾರೆ, ಮತ್ಯಾಕೆ ತಡ ಅಂತ. ಬಂದರೆ ಚೆನ್ನಾಗೇ ಕಾಣುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೂ ನಾನು ಬೇಡ ಅನ್ನುತ್ತೇನೆ. ಪೂರ್ವದ ಸಾಲು ಕಟ್ಟುವಾಗ ಅಲ್ಲಿದ್ದದ್ದು ಖಾಲಿ ಜಾಗ. 2018ರ ಓಣಿಗಾಗಿ ಕೆಡವಿದ್ದು ಬಹಳ ಜನ ಬೈಯುತ್ತಿದ್ದ ಕಾಂಕ್ರೀಟ್ ರಾಶಿ. ಇಲ್ಲಿ ಹಾಗಲ್ಲ. ಇಲ್ಲಿ ಹೋಗುವುದು ಯುದ್ಧ ಕಂಡ ತಲೆಮಾರು, ಊರೆಲ್ಲ ಕಲ್ಲುಮಣ್ಣಿನ ರಾಶಿಯಾಗಿದ್ದಾಗ, ತನ್ನ ಕೈಲಾದಷ್ಟರಲ್ಲಿ ಕಟ್ಟಿದ ಮನೆ. ಅದಕ್ಕೂ ಈಗ 70 ದಾಟಿದೆ. ಎದುರಿನ ಸಾಲಿಗಿಂತ ಮೂವತ್ತು ವರ್ಷ ದೊಡ್ಡದು. ಹಳೆಯದನ್ನು ಉಳಿಸಬೇಕು ಅನ್ನುವವರು ಮೊದಲು ಇದನ್ನು ಉಳಿಸಲಿ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇರುವುದರಿಂದ ನಮ್ಮವರು ಬಹಳ ಜನ ಆ ಊರಿನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುತ್ತಾರೆ. ನಡುವೆ ಆರೇಳು ಗಂಟೆ ಸಿಕ್ಕರೆ, ವೀಸಾ ಇದ್ದರೆ, ರೈಲು ಹಿಡಿದು ಊರೊಳಗೆ ಹೋಗಿ. ಮೆಟ್ರೋದಲ್ಲಿ ಡೋಮ್-ರೋಮರ್ ನಿಲ್ದಾಣದಲ್ಲಿ ಇಳಿದರಾಯಿತು. ಪೂರ್ವದ ಸಾಲಿನ ಮುಂದೆ ಸೆಲ್ಫಿ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆಮೇಲೆ ಹಿಂದೆ ತಿರುಗಿ, ಬಲಗಡೆ ಮೂಲೆಗೆ ಹೋಗಿ ಆ ಹಲಗೆಗಳನ್ನು ಹತ್ತಿರದಿಂದ ನೋಡಿ. ನೋಡಿದ ಮೇಲೂ ಕೆಡವಬೇಕು ಅನಿಸಿದರೆ, ಯಾಕೆ ಅಂತ ಕೆಳಗೆ ಬರೆಯಿರಿ. ನಾನು ಜಗಳಕ್ಕೆ ರೆಡಿ.